28 ಜನರ ಓದುಗರ ಬಳಗಕ್ಕೆ ಕಡಿಮೆ ಖರ್ಚಿನ ಕಾನ್ಫರೆನ್ಸ್ ಕಾಲ್ ಯಾವುದು?

ಓದುಗ28:
ತಿಂಗಳಿಗೊಂದು ಸಭೆ, 90 ನಿಮಿಷ. ಧಾರವಾಡ, ಬೆಂಗಳೂರಿನವರೇ ಹೆಚ್ಚು, ಇಬ್ಬರು ನ್ಯೂಜೆರ್ಸಿಯಲ್ಲಿ. ಮೂವರು ಹಿರಿಯರ ಹತ್ತಿರ ಕೀಪ್ಯಾಡ್ ಫೋನ್ ಮಾತ್ರ. ವಿಡಿಯೊ ಬೇಡ, ಮಾತು ಸ್ಪಷ್ಟವಾಗಿ ಕೇಳಿದರೆ ಸಾಕು. ದುಡ್ಡು ಕೊಡಲೇಬೇಕಾ?

ತಂತಿಮನೆ:
ಬೇಡ. ಜೂಮ್ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕಾಲ್ ಮುಗಿಯುತ್ತದೆ, ಗೂಗಲ್ ಮೀಟ್‌ನಲ್ಲಿ 60ಕ್ಕೆ. ಎರಡರಲ್ಲೂ 100 ಜನರಿಗೆ ಜಾಗವಿದೆ. ಮೀಟ್ ತಗೊಳ್ಳಿ. 55ನೇ ನಿಮಿಷಕ್ಕೆ ಎಚ್ಚರಿಕೆ ಬರುತ್ತದೆ. ಆಗ ಚಹಾ ವಿರಾಮ ಕೊಟ್ಟು ಅದೇ ಲಿಂಕಿನಲ್ಲಿ ಮತ್ತೆ ಸೇರಿ. ಕ್ಯಾಲೆಂಡರ್ ಆಹ್ವಾನಕ್ಕೆ ಎಲ್ಲರ ಜಿಮೇಲ್ ಸೇರಿಸಿಬಿಡಿ, ಬಾಗಿಲು ತಟ್ಟದೆ ನೇರ ಒಳಗೆ ಬರುತ್ತಾರೆ. ಇಲ್ಲದಿದ್ದರೆ ಕರೆದವರ ನೆಟ್ ಹೋದಾಗ ತಡವಾಗಿ ಬಂದವರು ಹೊರಗೇ ಕಾಯಬೇಕು.

ವಿರಾಮ ಬೇಡವೇ ಬೇಡ ಅನ್ನುವುದಾದರೆ ಯಾವುದಾದರೂ ಒಂದರ ಪೇಯ್ಡ್ ಖಾತೆ. ಅದೂ ಕರೆಯುವ ಒಬ್ಬರಿಗೆ ಇದ್ದರೆ ಸಾಕು, 28 ಜನಕ್ಕೂ ಬೇಡ.

ಹಳೇರೇಡಿಯೊ:
ವಾಟ್ಸ್ಆ್ಯಪ್ ಕಾಲ್‌ನಲ್ಲೂ 32 ಜನ ಹಿಡಿಯುತ್ತಾರೆ, ಸಮಯದ ಮಿತಿ ಇಲ್ಲ. ಆದರೆ ನಿಮ್ಮ 28ಕ್ಕೆ ಇನ್ನು ನಾಲ್ಕು ಜನ ಸೇರಿದರೆ ಜಾಗ ಭರ್ತಿ.

ಕೀಪ್ಯಾಡಿನವರಿಗೆ ಉಪಾಯ: ಒಬ್ಬರು ಲ್ಯಾಪ್‌ಟಾಪಿನಿಂದ ಮೀಟ್ ಸೇರಿ, ತಮ್ಮ ಫೋನಿನಿಂದ ಆ ಮೂವರಿಗೆ ಒಬ್ಬೊಬ್ಬರಾಗಿ ಕಾಲ್ ಮಾಡಿ ಮರ್ಜ್ ಮಾಡಲಿ. ಸ್ಪೀಕರ್ ಆನ್ ಮಾಡಿ ಫೋನನ್ನು ಲ್ಯಾಪ್‌ಟಾಪ್ ಪಕ್ಕ ಇಟ್ಟರಾಯಿತು. ಲ್ಯಾಪ್‌ಟಾಪಿಗೆ ಇಯರ್‌ಫೋನ್ ಹಾಕಬಾರದು, ಹಾಕಿದರೆ ಹಿರಿಯರಿಗೆ ಏನೂ ಕೇಳಿಸದು. ಫ್ಯಾನ್ ಆಫ್ ಇರಲಿ. ಎರಡನ್ನೂ ಒಂದೇ ಮೊಬೈಲಿನಲ್ಲಿ ಮಾಡಲು ಹೋಗಬೇಡಿ. ಫೋನ್ ಕಾಲ್ ಶುರುವಾದೊಡನೆ ಮೀಟ್‌ನ ಮೈಕ್ ಅದರ ಪಾಲಾಗುತ್ತದೆ.

ಕುಂಯ್ ಎಂದು ಕೂಗಿದರೆ ಒಂದೇ ಕೋಣೆಯಲ್ಲಿ ಇಬ್ಬರು ಬೇರೆ ಬೇರೆ ಫೋನಿನಿಂದ ಸೇರಿದ್ದಾರೆ ಅಂತಲೇ ತಿಳಿಯಿರಿ. ಒಬ್ಬರ ಮೈಕ್ ಮಾತ್ರ ಆಫ್ ಮಾಡಿದರೆ ಸಾಲದು, ಅವರ ಸ್ಪೀಕರೂ ಆಫ್ ಆಗಬೇಕು.

ಓದುಗ28:
ಜಿಟ್ಸಿ ಅನ್ನೋ ಉಚಿತ ಕಾಲ್ ತಾಣ ಹೇಗೆ?

ತಂತಿಮನೆ:
ಸಮಯದ ಕಾಟ ಇಲ್ಲ. 2023ರಿಂದ ಕೋಣೆ (ಅಂದರೆ ಆನ್‌ಲೈನ್ ಸಭೆ) ತೆರೆಯುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಲಾಗಿನ್ ಆಗಬೇಕು. ಉಳಿದವರಿಗೆ ಲಿಂಕ್ ಸಾಕು. ಕೋಣೆಗೆ 'ಓದು' ಅಂತ ಚಿಕ್ಕ ಹೆಸರಿಟ್ಟರೆ, ಅದೇ ಹೆಸರು ಟೈಪ್ ಮಾಡಿದ ದಾರಿಹೋಕರೂ ನುಗ್ಗುತ್ತಾರೆ. ಉದ್ದ ಹೆಸರು, ಜೊತೆಗೆ ಪಾಸ್‌ವರ್ಡ್.

ಗಡಿಯಾರ:
ನ್ಯೂಜೆರ್ಸಿಯವರನ್ನು ಮರೆಯಬೇಡಿ. ನಮ್ಮ ರಾತ್ರಿ 8 ಅಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 10:30, ಚಳಿಗಾಲದಲ್ಲಿ 9:30. ಮಾರ್ಚ್ 2ನೇ ಭಾನುವಾರ, ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಆ ಎರಡು ತಿಂಗಳ ಆಹ್ವಾನದಲ್ಲಿ ಎರಡೂ ಊರಿನ ಸಮಯ ಬರೆಯಿರಿ.