ಜೋಗದಲ್ಲಿ ಒಣ ಬಂಡೆ, ಗೇರುಸೊಪ್ಪೆಯ ಕೆಳಗೆ ತುಂಬು ಹೊಳೆ: ಶರಾವತಿಗೆ ಆದದ್ದೇನು?

ಮಲೆನಾಡ ಯಾತ್ರಿ:
ಕಳೆದ ಮಾರ್ಚ್‌ನಲ್ಲಿ ಜೋಗಕ್ಕೆ ಹೋದಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಂಡೆಯ ಮೇಲಿನ ಒದ್ದೆ ಗೆರೆಗಳಷ್ಟೇ ಆಗಿದ್ದವು. ಅದೇ ಸಂಜೆ ಘಟ್ಟವಿಳಿದು ಗೇರುಸೊಪ್ಪೆ ದಾಟಿದರೆ ಹೊಳೆ ತುಂಬಿ ಹರಿಯುತ್ತಿತ್ತು. ಇದು ಹೇಗೆ ಸಾಧ್ಯ? ಬೇಸಿಗೆಯಲ್ಲೂ ನೀರಿರುವಾಗ ನದಿಗೆ ಹಾನಿಯಾಗಿದೆ ಎನ್ನುವುದೇಕೆ?

ನಿವೃತ್ತ ಎಂಜಿನಿಯರ್:
1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಮಳೆಗಾಲದ ನೀರನ್ನು ಸಮುದ್ರಮಟ್ಟದಿಂದ 1,819 ಅಡಿ ಎತ್ತರದವರೆಗೆ ಹಿಡಿದಿಡುತ್ತದೆ. ಆ ನೀರಿನ ಬಹುಪಾಲು ಜಲಪಾತದ ಕಡೆಗೆ ಹೋಗದೆ ತಳಕಳಲೆ ಜಲಾಶಯಕ್ಕೆ ತಿರುಗಿ, ಅಲ್ಲಿಂದ ಕೊಳವೆಗಳಲ್ಲಿ ಘಟ್ಟದ ಬುಡಕ್ಕೆ ಧುಮುಕಿ, 1,035 ಮೆಗಾವಾಟ್‌ನ ವಿದ್ಯುದಾಗಾರವನ್ನು ನಡೆಸಿ, ಜೋಗದಿಂದ ಕೆಳಗೆ ಮತ್ತೆ ನದಿಯನ್ನು ಸೇರುತ್ತದೆ. ಗೇರುಸೊಪ್ಪೆಯಲ್ಲಿ ಅದೇ ನೀರು ಇನ್ನೂ 240 ಮೆಗಾವಾಟ್‌ನ ಯಂತ್ರಗಳನ್ನು ತಿರುಗಿಸುತ್ತದೆ. ಜಲವಿದ್ಯುತ್ ಯಂತ್ರವನ್ನು ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದಾದ್ದರಿಂದ ಬೇಡಿಕೆ ಏರುವ ಹೊತ್ತಿಗೆ ಅದರ ಮೇಲೆಯೇ ಭಾರ ಬೀಳುತ್ತದೆ. ಹೊಳೆ ಈಗ ಮಳೆಯ ಲೆಕ್ಕಕ್ಕಿಂತ ಹೆಚ್ಚಾಗಿ ಕರೆಂಟಿನ ಲೆಕ್ಕದಲ್ಲಿ ಹರಿಯುತ್ತಿದೆ.

ಹೊನ್ನಾವರದ ಹೊಳೆಸಾಲಿನವ:
ಹಾನಿ ಇರುವುದೇ ಆ ಬೇಸಿಗೆಯ ನೀರಿನಲ್ಲಿ, ಯಾತ್ರಿಯವರೇ. ಹಿಂದೆ ದೀಪಾವಳಿ ಕಳೆದ ಮೇಲೆ ಸಿಹಿನೀರು ತಗ್ಗುತ್ತ ಹೋಗಿ, ಉಬ್ಬರದ ಜೊತೆ ಉಪ್ಪುನೀರು ಒಳನಾಡಿನವರೆಗೆ ಏರುತ್ತಿತ್ತು. ಇಳಿತದ ವೇಳೆ ನಮ್ಮಜ್ಜಿ ಮೊಣಕಾಲು ನೀರಿನಲ್ಲಿ ನಿಂತು, ಕೆಸರನ್ನು ಕಾಲ್ಬೆರಳಿನಿಂದ ತಡವಿ ಬಳಚು ಎಂಬ ತಿನ್ನುವ ಚಿಪ್ಪು ಜೀವಿಯನ್ನು ಹೆಕ್ಕಿ ಬುಟ್ಟಿ ತುಂಬಿಸುತ್ತಿದ್ದರಂತೆ. ಈಗ ವರ್ಷವಿಡೀ ಬರುವ ಸಿಹಿನೀರು ಉಪ್ಪನ್ನು ಕಡಲಿನತ್ತ ತಳ್ಳುವುದರಿಂದ, ಸವಳು ನೀರನ್ನೇ ನಂಬಿದ ಚಿಪ್ಪು ಜೀವಿಗಳೂ ಹಲವು ಜಾತಿಯ ಮೀನುಗಳೂ ಇಲ್ಲಿ ಕ್ಷೀಣಿಸಿವೆ. ಪಕ್ಕದ ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಅಲ್ಲಿ ಬಳಚು ಹೆಕ್ಕುವ ಕಸುಬು ಇಂದಿಗೂ ಉಳಿದಿದೆ. ದಂಡೆಯ ತೋಟದವರಿಗೆ ಸಿಹಿನೀರಿನಿಂದ ಅನುಕೂಲವಾದದ್ದೂ ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಜಲವಿಜ್ಞಾನ ವಿದ್ಯಾರ್ಥಿನಿ:
ಗಂಗೆಯ ಮೇಲ್ಭಾಗಕ್ಕೆ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಸರಾಸರಿ ಹರಿವಿನ ಶೇಕಡಾ 20ರಷ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇಕಡಾ 30ರಷ್ಟು ನೀರನ್ನು ನದಿಗೆ ಬಿಡಬೇಕು. ಅದೇ ಸೂತ್ರವನ್ನು ಶರಾವತಿಗೂ ತರಬೇಕೆಂದು ನಾನೂ ಮೊದಲು ಭಾವಿಸಿದ್ದೆ. ಆದರೆ ಇಲ್ಲಿ ಜೋಗದ ಪಾತ್ರಕ್ಕೆ ಬೇಸಿಗೆಯಲ್ಲಿ ಹೆಚ್ಚು ನೀರು ಬೇಕು, ನದಿ ಕಡಲು ಸೇರುವ ಅಳಿವೆಗೆ ಅದೇ ತಿಂಗಳುಗಳಲ್ಲಿ ಕಡಿಮೆ ಸಿಹಿನೀರು ಸಾಕು. ಕನಿಷ್ಠ ಹರಿವನ್ನು ಮಾತ್ರ ಗೊತ್ತುಪಡಿಸುವ ನಿಯಮ ಲಿಂಗನಮಕ್ಕಿಯ ಕೆಳಗೆ ಸರಿ. ಗೇರುಸೊಪ್ಪೆಯ ಕೆಳಗೆ ಬೇಸಿಗೆಗೆ ಗರಿಷ್ಠ ಮಿತಿಯನ್ನೇ ಹಾಕಬೇಕಾಗುತ್ತದೆ.