ಹೊರದೇಶದ ಶೋಕೇಸ್ ಫೆಸ್ಟಿವಲ್‌ಗೆ ಹೊರಟಿದ್ದೇವೆ, ಹೊಸ ಬ್ಯಾಂಡ್‌ನ ಪ್ರಚಾರ ಹೇಗೆ ಮಾಡೋದು?

ಕೋಡಿಬಾಗ ಬೇಸ್:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರದ ಐದು ಜನರ ಬ್ಯಾಂಡ್. ಗಿಟಾರ್, ಬೇಸ್, ಡ್ರಮ್ಸ್, ಹಾಡೋದಕ್ಕೆ ಒಬ್ಬಳು, ಮತ್ತೆ ಗುಮಟೆಗೆ (ಮಣ್ಣಿನ ಮಡಕೆಗೆ ಚರ್ಮ ಕಟ್ಟಿದ ವಾದ್ಯ) ಅಂಕೋಲಾ ಕಡೆಯ ಹುಡುಗ. ಹಾಡು ಕನ್ನಡ, ಕೊಂಕಣಿ ಎರಡರಲ್ಲೂ ಇವೆ. ಶುರು ಮಾಡಿ ಜಾಸ್ತಿ ಕಾಲ ಆಗಿಲ್ಲ. ಕಾರವಾರ ಬೀಚ್, ಗೋವಾ, ಶಿರಸಿಯ ಕಾಲೇಜು ಕಾರ್ಯಕ್ರಮ ಅಂತ ಓಡಾಡಿಕೊಂಡಿದ್ದವರು. ಈಗ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ರೀಪರ್‌ಬಾನ್ ಫೆಸ್ಟಿವಲ್‌ಗೆ ಆಯ್ಕೆ ಆಗಿದ್ದೇವೆ. ಸಣ್ಣ ಕ್ಲಬ್, ಅರ್ಧ ಗಂಟೆ ಸಮಯ.

ಖುಷಿ ಇದೆ, ಜೊತೆಗೆ ಭಯವೂ ಇದೆ. ಅದೇ ಹೊತ್ತಿಗೆ ಅಕ್ಕಪಕ್ಕದ ಕ್ಲಬ್‌ಗಳಲ್ಲಿ ಬೇರೆ ಬ್ಯಾಂಡ್‌ಗಳು ನುಡಿಸ್ತಿರ್ತಾವೆ. ನಮ್ಮ ಹೆಸರೇ ಕೇಳದವರು ನಮ್ಮ ಬಾಗಿಲಿಗೆ ಯಾಕೆ ಬರಬೇಕು? ಕೈಯಲ್ಲಿರೋ ಸ್ವಲ್ಪ ದುಡ್ಡನ್ನ ಪೋಸ್ಟರಿಗೆ ಹಾಕೋದಾ, ಟೀ ಶರ್ಟಿಗೆ ಹಾಕೋದಾ, ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಹಾಕೋದಾ? ಇನ್ನೊಂದು, ಒಂದೆರಡು ಹಾಡನ್ನ ಇಂಗ್ಲಿಷಿಗೆ ತಿರುಗಿಸಿ ಅಂತ ಕೆಲವರು ಹೇಳ್ತಿದ್ದಾರೆ. ಹೋಗಿ ಬಂದವರು, ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಕುಮಟೆಯವ:

ಮೊದಲು ಅಭಿನಂದನೆ. ನಮ್ಮ ಜಿಲ್ಲೆಯ ಗುಮಟೆ ಹ್ಯಾಂಬರ್ಗ್ ಕ್ಲಬ್‌ನಲ್ಲಿ ಕೇಳಿಸುತ್ತೆ ಅಂದ್ರೆ ಸಣ್ಣ ಮಾತಲ್ಲ. ನಾನು ಬೆಂಗಳೂರಲ್ಲಿ ಬ್ಯಾಂಡ್‌ಗಳ ಮ್ಯಾನೇಜರ್ ಆಗಿ ಕೆಲಸ ಮಾಡ್ತೇನೆ, ಯುರೋಪಿನ ಇಂಥ ಮೇಳಗಳಿಗೆ ಬ್ಯಾಂಡ್ ಕರೆದುಕೊಂಡು ಹೋಗಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೇನೆ.

ಶೋಕೇಸ್ ಅಂದ್ರೆ ಸಂಗೀತ ಉದ್ಯಮದವರ ಮುಂದೆ ಬ್ಯಾಂಡ್‌ಗಳು ತಮ್ಮನ್ನ ತೋರಿಸಿಕೊಳ್ಳೋ ಮೇಳ, ಅಲ್ಲಿ ಹಾಲ್ ತುಂಬಿಸೋದು ನಿಮ್ಮ ಕೆಲಸ ಅಲ್ಲ. ಇದನ್ನ ಐದೂ ಜನ ತಲೆಯಲ್ಲಿ ಇಟ್ಕೊಳ್ಳಿ. ರೀಪರ್‌ಬಾನ್ ಆಗಲಿ, ಬ್ರೈಟನ್‌ನ ಗ್ರೇಟ್ ಎಸ್ಕೇಪ್ ಆಗಲಿ, ಜಾನಪದ ಮತ್ತು ವಿಶ್ವ ಸಂಗೀತದ ವೊಮೆಕ್ಸ್ ಆಗಲಿ, ಎಲ್ಲ ಕಡೆ ಪಾಸ್ ನೇತು ಹಾಕಿಕೊಂಡ ಒಂದು ಗುಂಪು ಇರುತ್ತೆ. ಬೇರೆ ಫೆಸ್ಟಿವಲ್‌ಗೆ ಬ್ಯಾಂಡ್ ಆರಿಸುವವರು, ಬುಕಿಂಗ್ ಏಜೆಂಟರು, ಲೇಬಲ್‌ನವರು, ರೇಡಿಯೋದವರು, ಪತ್ರಕರ್ತರು. ಕ್ಲಬ್‌ನಲ್ಲಿ ಮುನ್ನೂರು ಜನ ಕುಣಿದು ಆ ಗುಂಪಿನ ಒಬ್ಬರೂ ಇಲ್ಲದಿದ್ರೆ ನಿಮಗೆ ಒಂದು ಒಳ್ಳೆ ರಾತ್ರಿ ಸಿಕ್ಕಿತು ಅಷ್ಟೆ. ಮೂವತ್ತೇ ಜನ ಇದ್ದು ಅದರಲ್ಲಿ ನಾಲ್ಕು ಮಂದಿ ಸರಿಯಾದವರಿದ್ರೆ ಮುಂದಿನ ಬೇಸಿಗೆ ನಿಮ್ಮದು.

ಹಾಗಾಗಿ ಪೋಸ್ಟರ್ ಬಿಡಿ. ಜಾಹೀರಾತೂ ಬೇಡ. ಟೀ ಶರ್ಟ್ ಮಾರುವ ಜಾಗ ಅದಲ್ಲ. ದುಡ್ಡನ್ನ ಒಂದು ಒಳ್ಳೆ ಲೈವ್ ವೀಡಿಯೋಕ್ಕೆ ಹಾಕಿ. ಡ್ರೋನ್, ಸೂರ್ಯಾಸ್ತ, ಕಾಳಿ ಸೇತುವೆ ಮೇಲೆ ನಡೆದಾಡೋದು ಯಾವುದೂ ಬೇಕಾಗಿಲ್ಲ. ಒಂದು ಕೋಣೆ, ಎರಡು ಕ್ಯಾಮೆರಾ, ಚೊಕ್ಕ ರೆಕಾರ್ಡಿಂಗ್, ಪೂರ್ತಿ ಹಾಡು. ಬ್ಯಾಂಡ್ ಆರಿಸುವವರಿಗೆ ನೀವು ಸ್ಟೇಜ್ ಮೇಲೆ ಹೇಗಿರ್ತೀರಿ ಅನ್ನೋದೇ ಮುಖ್ಯ. ಸ್ಟುಡಿಯೋದಲ್ಲಿ ಹೇಗೆ ಕೇಳಿಸ್ತೀರಿ ಅನ್ನೋದು ಆಮೇಲೆ.

ಆಮೇಲೆ ಮೇಲ್. ಬರುವ ಪ್ರತಿನಿಧಿಗಳ ಪಟ್ಟಿ ಆನ್‌ಲೈನ್‌ನಲ್ಲಿ ನೋಡೋಕೆ ಸಿಗುತ್ತೆ, ನಿಮ್ಮ ಪಾಸ್‌ನಲ್ಲಿ ಅದಕ್ಕೆ ಅವಕಾಶ ಇದೆಯಾ ಅಂತ ಇವತ್ತೇ ಕೇಳಿ. ಕೂತು ಅದನ್ನ ಓದಿ. ಎಲ್ಲರಿಗೂ ಒಂದೇ ಮೇಲ್ ಕಳಿಸಬೇಡಿ. ನಿಮ್ಮಂಥ ಸಂಗೀತ ಇಡುವ ಫೆಸ್ಟಿವಲ್‌ಗಳು ಯಾವುವು ಅಂತ ಹುಡುಕಿ. ಜರ್ಮನಿಯದೇ ರುಡೋಲ್‌ಸ್ಟಾಟ್, ಪೋರ್ಚುಗಲ್‌ನ ಸೀನೆಸ್, ನಾರ್ವೆಯ ಫೋರ್ಡೆ ಎಲ್ಲ ಜುಲೈ ಸುಮಾರಿಗೆ ಬರ್ತಾವೆ. ಇಂಥ ಕಡೆಯವರು ಯಾರು ಬರ್ತಿದ್ದಾರೆ ನೋಡಿ, ಹೆಸರು ಹಿಡಿದು ಬರೀರಿ. ಸೆಪ್ಟೆಂಬರ್ ಶೋ ಅಂದ್ರೆ ಆಗಸ್ಟ್ ಶುರುವಿಗೇ ಹೋಗಬೇಕು, ಕೊನೆ ವಾರ ಅವರ ಇನ್‌ಬಾಕ್ಸ್ ತುಂಬಿ ಹೋಗಿರುತ್ತೆ. ನಾಲ್ಕೈದು ಸಾಲು ಸಾಕು: ಯಾರು, ಎಲ್ಲಿಯವರು, ಯಾವ ದಿನ ಯಾವ ಕ್ಲಬ್ ಎಷ್ಟು ಗಂಟೆಗೆ, ವೀಡಿಯೋ ಲಿಂಕ್, ಕಾಫಿಗೆ ಹದಿನೈದು ನಿಮಿಷ ಸಿಗ್ತೀರಾ ಅಂತ. ‘ಈಸ್ಟ್ ಮೀಟ್ಸ್ ವೆಸ್ಟ್ ಫ್ಯೂಷನ್’ ಅಂತ ಮಾತ್ರ ಬರೀಬೇಡಿ ಮಾರಾಯ್ರೆ, ಭಾರತದಿಂದ ಹೋಗುವ ಅರ್ಧಕ್ಕರ್ಧ ಬ್ಯಾಂಡ್ ಅದನ್ನೇ ಬರೆಯೋದು. ಮಣ್ಣಿನ ಮಡಕೆಯ ವಾದ್ಯ, ಅದರ ಮೇಲೆ ಬೇಸ್ ಗಿಟಾರ್, ಅರಬ್ಬಿ ಸಮುದ್ರದ ದಂಡೆಯ ಊರು ಅಂತ ಬರೆದ್ರೆ ಓದಿದವನಿಗೆ ಕಿವಿಯಲ್ಲಿ ಏನೋ ಕೇಳಿಸುತ್ತೆ.

ಭೇಟಿಗೆ ಹೋಗುವಾಗ ಲೆಕ್ಕ ಕೈಯಲ್ಲಿರಲಿ. ಮುಂದಿನ ವರ್ಷ ಯಾವ ವಾರಗಳಲ್ಲಿ ಬರೋಕಾಗುತ್ತೆ, ಒಟ್ಟು ಎಷ್ಟು ಜನ, ಎಷ್ಟು ರೂಮ್, ಕನಿಷ್ಠ ಎಷ್ಟು ಕೊಟ್ರೆ ನಷ್ಟ ಇಲ್ಲ. ‘ಊರಿಗೆ ಹೋಗಿ ಹೇಳ್ತೇವೆ’ ಅಂದ್ರೆ ಅವರು ಮುಂದಿನ ಬ್ಯಾಂಡ್ ಹತ್ರ ಹೋಗ್ತಾರೆ.

ಅಂಕೋಲಾ ಸುಗ್ಗಿ:

ಗುಮಟೆ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೀತಿದ್ದೇನೆ. ನಿಮ್ಮ ಗುಮಟೆಗೆ ಕಟ್ಟಿರೋ ಚರ್ಮ ಯಾವುದು? ಹಳೇ ಗುಮಟೆ ಆಗಿದ್ರೆ ಉಡದ ಚರ್ಮ ಇರೋ ಸಾಧ್ಯತೆ ಇದೆ. ಉಡ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರೋ ಪ್ರಾಣಿ, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಲ್ಲೂ ಅದರ ವ್ಯಾಪಾರ ನಿಷಿದ್ಧ. ಏರ್‌ಪೋರ್ಟಲ್ಲಿ ಸಿಕ್ಕಿಬಿದ್ರೆ ವಾದ್ಯ ಹೋಗೋದು ಒಂದು ಕಡೆ, ಹುಡುಗನ ಮೇಲೆ ಕೇಸು ಇನ್ನೊಂದು ಕಡೆ. ಆಡಿನ ಚರ್ಮ ಕಟ್ಟಿಸಿ. ಗೋವಾದವರು ಈಗ ಘುಮಟಕ್ಕೆ ಅದನ್ನೇ ಕಟ್ತಾರೆ. ದನಿ ಸ್ವಲ್ಪ ಬೇರೆ, ಆದರೆ ತಿಂಗಳು ಮೊದಲೇ ಕಟ್ಟಿಸಿ ಅದರಲ್ಲೇ ತಾಲೀಮು ಮಾಡಿದ್ರೆ ಕೈ ಹೊಂದಿಕೊಳ್ಳುತ್ತೆ.

ಎರಡನೇದು, ಚರ್ಮ ತಂಪು ಹಿಡಿದು ಸಡಿಲ ಆದಾಗ ನಾವು ಇಲ್ಲಿ ಬೆಂಕಿಗೆ ಹಿಡೀತೇವೆ. ಹ್ಯಾಂಬರ್ಗ್ ಮಳೆ ಊರು, ಕ್ಲಬ್ ಒಳಗೆ ಬೆಂಕಿ ಹಚ್ಚೋಕೆ ಬಿಡೋದಿಲ್ಲ. ಹೇರ್ ಡ್ರೈಯರ್ ಇಟ್ಕೊಳ್ಳಿ, ಅಲ್ಲಿನ ಪ್ಲಗ್ ನಮ್ಮದಲ್ಲ, ಅಡಾಪ್ಟರ್ ಬೇಕು.

ಮೂರನೇದು ಮೈಕು. ಇಂಥ ಕಡೆ ಪೂರ್ತಿ ಸೌಂಡ್ ಚೆಕ್‌ಗೆ ಸಮಯ ಸಿಗೋದು ಕಷ್ಟ, ಹಿಂದಿನ ಬ್ಯಾಂಡ್ ಇಳಿದ ಕೂಡ್ಲೇ ಲೈನ್ ಚೆಕ್ (ಒಂದೊಂದು ಮೈಕ್, ವಾದ್ಯದ ದನಿ ಬರ್ತಿದೆಯಾ ಅಂತಷ್ಟೇ ನೋಡೋದು) ಮಾಡಿ ಶುರು. ಸೌಂಡ್‌ನವರು ಗುಮಟೆ ನೋಡಿರೋದಿಲ್ಲ, ಚರ್ಮದ ಕಡೆ ಒಂದೇ ಮೈಕ್ ಇಟ್ಟು ಸುಮ್ನೆ ಹೋಗ್ತಾರೆ. ಆದರೆ ಗುಮಟೆಯ ಆ ‘ಗುಂ’ ಬರೋದು ಹಿಂದಿನ ಸಣ್ಣ ಬಾಯಿಯಿಂದ, ಎಡಗೈ ಅದನ್ನ ಮುಚ್ಚಿ ತೆಗೆಯುವಾಗ. ಎರಡು ಮೈಕ್ ಬೇಕು ಅಂತ ಸ್ಟೇಜ್ ಪ್ಲಾಟ್‌ನಲ್ಲೇ (ಸ್ಟೇಜ್ ಮೇಲೆ ಯಾರು ಎಲ್ಲಿ, ಯಾವ ಮೈಕ್ ಎಲ್ಲಿ ಅಂತ ತೋರಿಸೋ ನಕ್ಷೆ) ಚಿತ್ರ ಬರೆದು ಕಳಿಸಿ. ಮಡಕೆಯನ್ನ ಲಗೇಜಿಗೆ ಹಾಕಬೇಡಿ, ಕೈಯಲ್ಲೇ ಇರಲಿ. ಇನ್ನೊಂದು ಮಡಕೆ ಜೊತೆಗಿದ್ರೆ ಇನ್ನೂ ಒಳ್ಳೇದು.

ಶಿರಸಿ ಪೇಟೆ:

ಇಂಗ್ಲಿಷ್ ಹಾಡು ಬೇಡವೇ ಬೇಡ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದ ಹಾಡ್ತಾ ಬೆಳೆದವರು, 2011ರಲ್ಲಿ ಗ್ಲಾಸ್ಟನ್‌ಬರಿ ಸ್ಟೇಜ್ ಹತ್ತಿದರು. ಇಂಗ್ಲಿಷ್ ಹಾಡೋ ಬ್ಯಾಂಡ್ ಅಲ್ಲಿ ಬೇಕಾದಷ್ಟು ಇವೆ. ಹಾಡಿನ ನಡುವೆ ಮಾತು ಮಾತ್ರ ಇಂಗ್ಲಿಷಲ್ಲಿ ಇರಲಿ, ಅದೂ ಎರಡೇ ವಾಕ್ಯ. ಅರ್ಧ ಗಂಟೆಯಲ್ಲಿ ಭಾಷಣಕ್ಕೆ ಜಾಗ ಇಲ್ಲ.

ವೀಸಾ ವಿಷಯ ಜೋರಾಗಿ ಹೇಳ್ತೇನೆ. ಷೆಂಗೆನ್ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು, 15 ದಿನಕ್ಕಿಂತ ತಡ ಮಾಡೋ ಹಾಗಿಲ್ಲ. ಆ 15 ದಿನ ನಂಬಬೇಡಿ, ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ಬೆರಳಚ್ಚು ಕೊಡೋಕೆ ಐದೂ ಜನ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು. ಕಡಿಮೆ ಅಂದ್ರೂ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಫೆಸ್ಟಿವಲ್‌ನಿಂದ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರ್, ದಿನಾಂಕ, ಖರ್ಚು ಯಾರದ್ದು ಎಲ್ಲ ಇರೋ ಆಹ್ವಾನ ಪತ್ರ ತರಿಸಿ. ಪ್ರವಾಸ ಅಂತ ತೋರಿಸಿ ವೀಸಾ ತಗೊಂಡು ಸ್ಟೇಜ್ ಹತ್ತೋ ಯೋಚನೆ ಬೇಡ.

ಗಿಟಾರ್‌ಗಳ ಸೀರಿಯಲ್ ನಂಬರ್ ಬರೆದಿಟ್ಟು, ಹೊರಡುವಾಗ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲದಿದ್ರೆ ವಾಪಸ್ ಬರುವಾಗ ಹೊಸದಾಗಿ ತಂದಿದ್ದೀರಾ ಅಂತ ಕೇಳ್ತಾರೆ.

ಜರ್ಮನಿಯಲ್ಲಿ ಕನ್ನಡ ಸಂಘಗಳಿವೆ, ಅವರಿಗೂ ಹೇಳಿ. ನಮ್ಮವರು ಮುಂದೆ ನಿಂತು ಜೊತೆಗೆ ಹಾಡಿದ್ರೆ ಕ್ಲಬ್ ಬಿಸಿ ಏರುತ್ತೆ.

ಕುಮಟೆಯವ:

@ಶಿರಸಿ ಪೇಟೆ, ಹೇಳೋಕೆ ಅಡ್ಡಿಲ್ಲ. ಆದರೆ ಒಳಗೆ ಬರೋಕೆ ಅವರಿಗೂ ಫೆಸ್ಟಿವಲ್ ಟಿಕೆಟ್ ಬೇಕು, ಅದನ್ನ ಮೊದಲೇ ತಿಳಿಸಿ. ಇನ್ನೊಂದು, ಸಣ್ಣ ಕ್ಲಬ್ ನಮ್ಮವರಿಂದಲೇ ತುಂಬಿ ಬಾಗಿಲು ಹಾಕಿದ್ರೆ ಹೊರಗೆ ನಿಂತ ಏಜೆಂಟ್ ಪಕ್ಕದ ಕ್ಲಬ್‌ಗೆ ಹೋಗ್ತಾನೆ. ನಾನಾದ್ರೆ ಸಂಘದವರ ಜೊತೆ ಬೇರೆ ದಿನ ಮನೆಯಂಗಳದ ಕಾರ್ಯಕ್ರಮ ಇಟ್ಕೊಳ್ತೇನೆ, ವೀಸಾದಲ್ಲಿ ಅದಕ್ಕೆ ಒಪ್ಪಿಗೆ ಇದ್ರೆ ಮಾತ್ರ.

ಕೋಡಿಬಾಗ ಬೇಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಮಟೆ ಚರ್ಮದ ವಿಷಯ ಓದಿದ ಕೂಡ್ಲೇ ಹುಡುಗನಿಗೆ ಫೋನ್ ಮಾಡಿದೆ. ಅವನದ್ದು ಆಡಿನ ಚರ್ಮವೇ, ಸಮಾಧಾನ ಆಯ್ತು. ಒಂದು ಪ್ರಶ್ನೆ ಉಳಿದಿದೆ. ನಮ್ಮ ಕೊನೆಯ ಹಾಡು ಹಾಲಕ್ಕಿಯವರ ಸುಗ್ಗಿ ಪದ, ಅವನ ಅಜ್ಜಿ ಹೇಳಿಕೊಟ್ಟಿದ್ದು. ಅಲ್ಲಿ ಹಾಡಿನ ಪಟ್ಟಿ ಕೇಳಿದ್ದಾರೆ, ಬರೆದವರು ಯಾರು ಅಂತ ಹಾಕಬೇಕಂತೆ. ಬ್ಯಾಂಡ್ ಹೆಸರು ಹಾಕಿಬಿಡಿ ಅಂತ ಒಬ್ಬರು ಅಂದರು. ಮನಸ್ಸು ಒಪ್ಪಲಿಲ್ಲ.

ಅಂಕೋಲಾ ಸುಗ್ಗಿ:

ಒಪ್ಪದೇ ಇದ್ದದ್ದು ಸರಿ. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಆದರೆ ಅವರ ಹಾಗೇ ನೂರಾರು ಪದ ಬಾಯಲ್ಲಿಟ್ಟುಕೊಂಡ ಎಷ್ಟೋ ಅಜ್ಜಿಯರ ಹೆಸರು ಎಲ್ಲೂ ಬಂದಿಲ್ಲ. ಆ ಪದ ಹಾಲಕ್ಕಿ ಒಕ್ಕಲಿಗರದ್ದು. ‘ಹಾಲಕ್ಕಿ ಸಾಂಪ್ರದಾಯಿಕ ಪದ’ ಅಂತ ಹಾಕಿ. ಅಜ್ಜಿಯನ್ನ ಕೇಳಿ, ಅವರು ಒಪ್ಪಿದ್ರೆ ಹೇಳಿಕೊಟ್ಟವರು ಅಂತ ಅವರ ಹೆಸರು, ಊರು ಹಾಕಿ. ಸಂಗೀತ ಹೊಂದಿಸಿದವರು ಅಂತ ಮಾತ್ರ ಬ್ಯಾಂಡ್ ಹೆಸರು. ಸ್ಟೇಜ್ ಮೇಲೆ ಶಿರಸಿಯವರು ಹೇಳಿದ ಆ ಎರಡು ವಾಕ್ಯ ಇದಕ್ಕೇ ಇಟ್ಟುಬಿಡಿ.

ಕುಮಟೆಯವ:

ಇದೇ ಸರಿಯಾದ ದಾರಿ. ಆ ಪಟ್ಟಿ ಜರ್ಮನಿಯ ರಾಯಲ್ಟಿ ಸಂಸ್ಥೆ ಗೆಮಾಗೆ ಹೋಗುತ್ತೆ. ನಿಮ್ಮ ಸ್ವಂತ ಹಾಡುಗಳ ದುಡ್ಡು ನಿಮಗೆ ಬರಬೇಕಾದ್ರೆ ಬರೆದವರು, ಸಂಗೀತ ಮಾಡಿದವರು ಇಲ್ಲಿನ ಅಂಥದೇ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ ಹಾಡು ನೋಂದಾಯಿಸಿರಬೇಕು. ಹೊರಡೋ ಮೊದಲೇ ಮಾಡಿ ಮುಗಿಸಿ. ನಿಮ್ಮ ಬ್ಯಾಂಡ್ ಪರಿಚಯದ ಪುಟವನ್ನೂ ವೀಡಿಯೋ ಲಿಂಕನ್ನೂ ಇಲ್ಲೇ ಹಾಕಿ, ಮೇಲ್ ಕಳಿಸುವ ಮೊದಲು ನಾನು ಒಮ್ಮೆ ನೋಡ್ತೇನೆ.