ಆಕ್ಸಿಡೆಂಟ್‌ನಲ್ಲಿ ಸಾವು, ತಮ್ಮನ ಮೇಲೆ ಕೇಸ್: ಅನುಭವ ಇದ್ದವರು ಹೇಳಿ

ತಮ್ಮ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ. ಹೋದ ವಾರ ತಿಪಟೂರು ಕಡೆಯಿಂದ ತೆಂಗಿನಕಾಯಿ ಲೋಡ್ ತರುವಾಗ ಬೈಕ್‌ಗೆ ತಾಗಿ ಸವಾರರು ತೀರಿಕೊಂಡರು. ಓಡಿಹೋಗಲಿಲ್ಲ, ಅವನೇ 112ಕ್ಕೆ ಫೋನ್ ಮಾಡಿದ. ಊರಲ್ಲಿ 10 ವರ್ಷ ಜೈಲು ಅಂತಾರೆ. ಇನ್ನೊಬ್ಬರು, ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿ ಅಂತಾರೆ. ಏನು ಮಾಡೋದು?

ಉತ್ತರ 1
ಅಣ್ಣಾ, ನಾನೂ ಡ್ರೈವರ್. 2016ರಲ್ಲಿ ನನ್ನ ಮೇಲೆ 304ಎ (ಅಜಾಗರೂಕತೆಯಿಂದ ಸಾವಾದರೆ ಹಾಕುತ್ತಿದ್ದ ಹಳೇ ಐಪಿಸಿ ಸೆಕ್ಷನ್) ಬಿದ್ದಿತ್ತು. ನಾಲ್ಕು ವರ್ಷ ಕೋರ್ಟಿಗೆ ಅಲೆದೆ.

10 ವರ್ಷದ ಮಾತು ಬಿಡಿ. ಅದು ಪೊಲೀಸರಿಗೆ ತಿಳಿಸದೆ ಪರಾರಿಯಾದವರಿಗೆ ಅಂತ ಬರೆದದ್ದು. ಲಾರಿಯವರು 2024ರ ಜನವರಿಯಲ್ಲಿ ಮುಷ್ಕರ ಮಾಡಿದ್ದು ಅದಕ್ಕೇ ಅಲ್ವಾ? ಜುಲೈ 1ಕ್ಕೆ ಹೊಸ ಕಾನೂನು ಬಂದಾಗ ಆ ಭಾಗವನ್ನು ಜಾರಿ ಮಾಡಲೇ ಇಲ್ಲ. ನಿಮ್ಮ ತಮ್ಮನಿಗೆ ಬರೋದು ಆ ಹೊಸ ಕಾನೂನಿನ, ಅಂದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106(1). ಜಾಮೀನು ಸಿಗುವ ಕೇಸ್.

ಆದರೆ ಹಗುರವಾಗಿ ತಗೋಬೇಡಿ. ನನ್ನ ಕಾಲದಲ್ಲಿ 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಅಂತಿತ್ತು. ಈಗ 5 ವರ್ಷದವರೆಗೆ ಜೈಲು, ಅದರ ಜೊತೆಗೆ ದಂಡ. 'ಇಲ್ಲವೇ' ಹೋಗಿಬಿಟ್ಟಿದೆ. ಹಾಗಾಗಿ ಒಪ್ಪಿಕೊಂಡರೆ ದಂಡದಲ್ಲೇ ಮುಗಿಯುತ್ತೆ ಅನ್ನೋದು ಹಳೇ ಸಲಹೆ. ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ.

ಉತ್ತರ 2
ವಕೀಲರ ಆಫೀಸಲ್ಲಿ ಗುಮಾಸ್ತ ನಾನು. ದಿನಾ ಇಂಥ ದೂರು ಓದ್ತೀನಿ. ಎಲ್ಲದರಲ್ಲೂ ಒಂದೇ ಸಾಲು: 'ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿ ಪಡಿಸಿ'. ಬರೆದ ಮಾತ್ರಕ್ಕೆ ಸಾಬೀತಾಗಲ್ಲ. ನಮ್ಮ ರಾಜ್ಯದ್ದೇ ಒಂದು ಕೇಸ್ ಇದೆ. ಲಾರಿ ಮಗುಚಿ 15 ಜನ ಸತ್ತಿದ್ದರು. ಸಾಕ್ಷಿಗಳು ಸುಮ್ನೆ 'ಸ್ಪೀಡ್ ಇತ್ತು' ಅಂದರು, ಎಷ್ಟು ಅಂತ ಯಾರೂ ಹೇಳಲಿಲ್ಲ. ಬರೀ ವೇಗ ಅಂದರೆ ನಿರ್ಲಕ್ಷ್ಯ ಆಗಲ್ಲ ಅಂತ 1998ರಲ್ಲಿ ಸುಪ್ರೀಂ ಕೋರ್ಟ್ ಡ್ರೈವರ್‌ನ ಬಿಡುಗಡೆಯನ್ನೇ ಎತ್ತಿಹಿಡಿಯಿತು.

ಅದಕ್ಕೇ ಸ್ಥಳ ಮಹಜರು (ಜಾಗ ನೋಡಿ ಪೊಲೀಸರು ಬರೆಯುವ ವರದಿ) ಮತ್ತು ಸ್ಕೆಚ್ ಮುಖ್ಯ. ಗಾಡಿ ರಸ್ತೆಯ ಯಾವ ಬದಿಯಲ್ಲಿತ್ತು, ಬ್ರೇಕ್ ಗುರುತು ಎಲ್ಲಿಂದ ಶುರು, ಬೈಕ್ ಎಲ್ಲಿ ಬಿದ್ದಿತ್ತು ನೋಡಿ. ಹತ್ತಿರದ ಬಂಕ್ ಅಥವಾ ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಅಳಿಸಿಹೋಗುವ ಮೊದಲೇ ಪೊಲೀಸರಿಗೆ ಬರೆದು ಕೊಡಿ. ಅದರಲ್ಲಿ ತಮ್ಮನದೇ ತಪ್ಪು ಕಂಡರೂ ವಕೀಲರಿಗೆ ಸುಳ್ಳು ಹೇಳಬೇಡಿ. ಡಿಎಲ್ ಬಗ್ಗೆ ಹೆದರಿಸಿದರೆ, ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಗೂಡ್ಸ್ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ತೀರ್ಪು ಬಂದಿದೆ.

ಉತ್ತರ 3
ನಾನು ಆ ಕಡೆಯವನು. 2019ರಲ್ಲಿ ಅಪ್ಪ ಹೀಗೇ ಹೋದರು. ತಿಥಿಗೂ ಮೊದಲೇ ಡ್ರೈವರ್ ಕಡೆಯವರು ಕವರ್ ಹಿಡಿದು ಬಂದು, ಕೇಸ್ ವಾಪಸ್ ತಗೊಳ್ಳಿ ಅಂದರು. ಅಮ್ಮ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದರು. ಇದು ರಾಜಿಯಾಗುವ ಕೇಸೂ ಅಲ್ಲ. ನಮಗೆ ಬೇಕಿದ್ದದ್ದು ಗಾಡಿಯ ಇನ್ಶೂರೆನ್ಸ್ ಕಾಪಿ, ಕ್ಲೇಮ್ ಹಾಕೋಕೆ. ಓನರ್ ಅದನ್ನು ಕೊಡದೆ ತಿಂಗಳುಗಟ್ಟಲೆ ಸತಾಯಿಸಿದರು. ನಿಮ್ಮ ಓನರ್‌ಗೆ ಹೇಳಿ, ಆ ಕಾಗದ ನಾಳೆಯೇ ಸ್ಟೇಷನ್‌ಗೆ ಕೊಡಿಸಿ.